ಕಾಡು ಬೇಕಾ, ವರದಿ ಬೇಕಾ?

ಸುಳ್ಯ ತಾಲ್ಲೂಕಿನ ಕೊಲ್ಲಮೊಗ್ರಿನಲ್ಲೋ ಕಡಬದ ಬಿಳಿನೆಲೆಯಲ್ಲೋ ಒಂದು ಮನೆಯ ಜಗಲಿಯಲ್ಲಿ ಕೂತು 'ಘಟ್ಟದ ಕಾಡು ಉಳಿಯಬೇಕಲ್ವಾ?' ಎಂದು ಕೇಳಿದಿರೆನ್ನಿ. 'ಉಳಿಯದೆ ಮತ್ತೆ! ತೋಟಕ್ಕೆ ನೀರು ಬರುವುದೇ ಅಲ್ಲಿಂದ' ಎಂದಾರು. ಎರಡನೇ ಲೋಟ ಚಹಾ ಬರುವಾಗ 'ಕಸ್ತೂರಿರಂಗನ್ ವರದಿ ಜಾರಿಯಾಗಬೇಕಾ?' ಎಂದು ಕೇಳಿ. 'ಅದೊಂದು ಬೇಡ ಮಾರಾಯ್ರೆ!' ಎರಡೂ ಪ್ರಾಮಾಣಿಕ ಉತ್ತರಗಳೇ. ಮೊದಲನೆಯದನ್ನು ಮಾತ್ರ ಅಚ್ಚು ಹಾಕಿದವನಿಗೆ ಊರೆಲ್ಲ ಪರಿಸರವಾದಿ, ಎರಡನೆಯದನ್ನು ಹಾಕಿದವನಿಗೆ ಊರೆಲ್ಲ ವಿರೋಧಿ.

ಪಶ್ಚಿಮ ಘಟ್ಟದ ರಕ್ಷಣೆಗೆಂದು ಬಂದ ಈ ವರದಿಯನ್ನು ಆಧರಿಸಿ ಕೇಂದ್ರ ಸರ್ಕಾರ ಹೊರಡಿಸಿದ 2014ರ ಮಾರ್ಚ್ 10ರ ಕರಡು ಅಧಿಸೂಚನೆ ಕರ್ನಾಟಕದ 20,668 ಚದರ ಕಿಲೋಮೀಟರನ್ನು ಪರಿಸರ ಸೂಕ್ಷ್ಮ ಪ್ರದೇಶವೆಂದು ಗುರುತಿಸಿತು. ತಡೆ ಹೇಳಿದ್ದು ಗಣಿ, ಕಲ್ಲುಕೋರೆ, ಮರಳುಗಾರಿಕೆ, ಉಷ್ಣ ವಿದ್ಯುತ್ ಸ್ಥಾವರ, 'ಕೆಂಪು' ವರ್ಗದ (ಅತಿ ಹೆಚ್ಚು ಮಾಲಿನ್ಯದ) ಹೊಸ ಕಾರ್ಖಾನೆ, 20,000 ಚದರ ಮೀಟರಿನಷ್ಟು ಅಥವಾ ಅದಕ್ಕೂ ದೊಡ್ಡ ಕಟ್ಟಡಗಳಿಗೆ. ಅಂದರೆ ಸುಮಾರು ಐದು ಎಕರೆ ನೆಲಹಾಸು! ಆದರೆ ಪತ್ರಿಕೆಯಲ್ಲಿ ಬರುವ ಪದ 'ತೂಗುಕತ್ತಿ'. ಅದನ್ನು ಓದಿದವರ ಕಣ್ಣ ಮುಂದೆ ಬರುವುದು ಕೋರೆಯಲ್ಲ, ತಮ್ಮ ತೋಟಕ್ಕೆ ತಾಗಿದ ಕುಮ್ಕಿ ಜಾಗ, ಸೊಪ್ಪು ತರುವ ಗುಡ್ಡ, ಅರಣ್ಯ ಇಲಾಖೆಯ ಜೀಪು. ಆ ಭಯಕ್ಕೆ ಹಳೆಯ ಬೇರುಗಳಿವೆ. ತಲೆಬರಹ ಅದಕ್ಕೆ ನೀರೆರೆಯುತ್ತದೆ, ಅಷ್ಟೆ.

ಪದದ ಈ ಆಟವನ್ನು ಅಳೆದು ತೋರಿಸಿದವರಲ್ಲಿ ಅಮೆರಿಕದ ಸಮೀಕ್ಷಕ ಡೊನಾಲ್ಡ್ ರಗ್ ಮೊದಲಿಗರು. 1941ರಲ್ಲಿ ಅವರು ಪ್ರಕಟಿಸಿದ ಲೆಕ್ಕ ಹೀಗಿದೆ: ಪ್ರಜಾಪ್ರಭುತ್ವದ ವಿರುದ್ಧದ ಭಾಷಣಗಳಿಗೆ 'ಅವಕಾಶ ಕೊಡಬೇಕೆ?' ಎಂದಾಗ ಕೊಡಬಾರದು ಎಂದವರು ಶೇ. 62, 'ನಿಷೇಧಿಸಬೇಕೆ?' ಎಂದಾಗ ಹೌದು ಎಂದವರು ಶೇ. 46 ಮಾತ್ರ. ತರ್ಕಕ್ಕೆ ಎರಡೂ ಒಂದೇ. ಕಿವಿಗೆ 'ನಿಷೇಧ' ಗಡುಸು.

ನಮ್ಮಲ್ಲಿ ಇನ್ನೊಂದು ತೊಡಕು. ಬೆಂಗಳೂರಿನಲ್ಲಿ ಅಚ್ಚಾದ ಪ್ರಶ್ನಾವಳಿ ಸುಳ್ಯದ ಜಗಲಿಗೆ ಬರುವಷ್ಟರಲ್ಲಿ ತುಳುವೋ ಅರೆಭಾಷೆಯೋ ಆಗುತ್ತದೆ. 'ಪರಿಸರ ಸೂಕ್ಷ್ಮ ಪ್ರದೇಶ'ವನ್ನು ಪ್ರಶ್ನೆ ಕೇಳುವ ಹುಡುಗ ತನಗೆ ತೋಚಿದಂತೆ ಬಿಡಿಸಿ ಹೇಳುತ್ತಾನೆ. ಕೊನೆಗೊಂದು 'ಅಲ್ವಾ' ಸೇರಿಸಿದರಂತೂ ಮುಗಿಯಿತು. ಮನೆಗೆ ಬಂದವರಿಗೆ 'ಅಲ್ಲ' ಎನ್ನುವುದು ನಮ್ಮ ಮರ್ಯಾದೆಗೆ ಒಗ್ಗದು.

ಪದದ ಆಟಕ್ಕೆ ಸಮೀಕ್ಷಕರು ಕಂಡುಕೊಂಡ ಮದ್ದು ಸರಳ: ಚೀಟಿ ಎತ್ತಿದಂತೆ ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಒಂದು ಬಗೆಯ ಪ್ರಶ್ನೆ, ಇನ್ನೊಂದಕ್ಕೆ ಇನ್ನೊಂದು ಬಗೆ. ಅಂತರ ಎಷ್ಟೋ ಪದದ ಪ್ರಭಾವ ಅಷ್ಟು. ವರದಿಯ ಹೆಸರನ್ನೇ ಬಿಟ್ಟು 'ನಿಮ್ಮ ಗ್ರಾಮದಲ್ಲಿ ಹೊಸ ಕೋರೆಗೆ ಪರವಾನಗಿ ಕೊಡಬೇಕೋ, ಕೊಡಬಾರದೋ?' ಎಂದೂ ಕೇಳಬಹುದು. ಆಗಲೂ, ಕೆಂಪುಕಲ್ಲು ಸಿಗದೆ ಪುತ್ತೂರಿನಲ್ಲಿ ಮನೆಗೋಡೆ ಅರ್ಧಕ್ಕೆ ನಿಂತವನ ಉತ್ತರ ಬೇರೆ. ಕೋರೆಯ ಲಾರಿಗಳು ಹಗಲಿಡೀ ಓಡುವ ದಾರಿಯ ಪಕ್ಕದವನದು ಬೇರೆ.