ಮಳೆಗಾಲದ ಒಲೆ, ಮುಚ್ಚಿದ ಕಿಟಕಿ

ಮಲಪ್ರಭೆ ಹುಟ್ಟುವ ಕಣಕುಂಬಿಯ ಆಷಾಢದ ಮಳೆ ಕಂಡವರಿಗೆ ಅಲ್ಲಿ ಒಲೆ ಹೊತ್ತಿಸುವ ಕಷ್ಟವನ್ನು ಬೇರೆ ಹೇಳಬೇಕಾಗಿಲ್ಲ. ಕಡ್ಡಿಪೆಟ್ಟಿಗೆಯೇ ಮೆತ್ತಗಾಗಿರುತ್ತದೆ. ಖಾನಾಪುರ ತಾಲೂಕಿನ ಈ ಘಟ್ಟದ ಊರಿಗೆ ಮೊದಲ ಸಲ ಶಿಕ್ಷಕನಾಗಿ ಹೋದಾಗ ನನಗೆ ಬಿ.ಎಸ್ಸಿ. ಓದಿದ ಹೆಮ್ಮೆಯಿತ್ತು, ಒಲೆ ಹೊತ್ತಿಸಲು ಮಾತ್ರ ಬರುತ್ತಿರಲಿಲ್ಲ.

ಮನೆ ಮಾಲೀಕರ ತಾಯಿ ಬೇಸಿಗೆಯಲ್ಲೇ ಸೀಳಿಸಿದ ಕಟ್ಟಿಗೆಯನ್ನು ಒಲೆಯ ಮೇಲಿನ ಅಟ್ಟದಲ್ಲಿ ಪೇರಿಸಿಡುತ್ತಿದ್ದರು. ಇಂದು ಉರಿಯುವ ಬೆಂಕಿ ನಾಳಿನ ಕಟ್ಟಿಗೆಯನ್ನು ಒಣಗಿಸುತ್ತಿತ್ತು. ನಾನೋ ಅಂಗಳದ ಹಸಿ ತುಂಡುಗಳನ್ನು ತುರುಕಿ, ಊದುಗೊಳವೆ ಹಿಡಿದು ಕಣ್ಣೀರು ಸುರಿಸುತ್ತಿದ್ದೆ.

ಹಸಿ ಕಟ್ಟಿಗೆಯಲ್ಲಿ ಅರ್ಧ ತೂಕ ನೀರೇ ಇರಬಹುದು. ಕುದಿಯುವ ಒಂದು ಗ್ರಾಂ ನೀರು ಆವಿಯಾಗಲು 540 ಕ್ಯಾಲೊರಿ ಉಷ್ಣ ಬೇಕೆಂದು ವಿದ್ಯಾರ್ಥಿಗಳು ಓದಿರುತ್ತೀರಿ. ಲೆಕ್ಕ ಹಾಕಿ ನೋಡಿದರೆ ಇದಕ್ಕೆ ಖರ್ಚಾಗುವುದು ಕಟ್ಟಿಗೆಯ ಒಟ್ಟು ಉಷ್ಣದ ಸುಮಾರು ಏಳನೆಯ ಒಂದು ಪಾಲು ಮಾತ್ರ. ಹಾಗಿದ್ದರೂ ಅದು ಇಷ್ಟೇಕೆ ಕಾಡುತ್ತದೆ? ನೀರು ಆರುವ ತನಕ ಕಟ್ಟಿಗೆಯ ಒಡಲು 100 ಡಿಗ್ರಿಯ ಆಚೀಚೆಯೇ ನಿಲ್ಲುತ್ತದೆ. ಉರಿಯುವ ಅನಿಲಗಳು ಹೊರಬರಲು 200 ಡಿಗ್ರಿಗೂ ಹೆಚ್ಚು ತಾಪ ಬೇಕು, ಅವು ಹೊತ್ತಿಕೊಳ್ಳಲು ಅದಕ್ಕಿಂತಲೂ ಹೆಚ್ಚು. ಹೊತ್ತಿಕೊಳ್ಳದೆ ಹೋದದ್ದೇ ಹೊಗೆ. ಅಂದರೆ ಸೂರಿನಿಂದ ಹೊರಹೋಗುವುದು ನಮ್ಮ ಕಟ್ಟಿಗೆಯೇ!

ಹೊಗೆಗೆ ಬೇಸತ್ತು ನಾನು ಇದ್ದಿಲಿನ ಮೊರೆಹೊಕ್ಕೆ. ಒಂದು ರಾತ್ರಿ ಒದ್ದೆ ಬಟ್ಟೆ ಒಣಗಿಸಲೆಂದು ನಿಗಿನಿಗಿ ಕೆಂಡದ ಅಗ್ಗಿಷ್ಟಿಕೆಯನ್ನು ಕೋಣೆಗೆ ತಂದು, ಇರಚಲು ಬರದಂತೆ ಕಿಟಕಿ ಬಾಗಿಲು ಭದ್ರಪಡಿಸಿ ಮಲಗಿದೆ. ಹೊಗೆಯಿಲ್ಲ, ಬೆಚ್ಚಗಿದೆ, ಇನ್ನೇನು ಬೇಕು? ಸ್ವಲ್ಪ ಹೊತ್ತಿಗೆ ತಲೆ ಸಿಡಿಯತೊಡಗಿತು. ಏಳಹೋದರೆ ಕಾಲಲ್ಲಿ ಬಲವಿಲ್ಲ. ಲೋಟ ಬಿದ್ದ ಸದ್ದಿಗೆ ಅಜ್ಜಿ ಬಂದು ಬಾಗಿಲು ಬಡಿದರು. ತೆವಳಿ ಹೋಗಿ ಅಗುಳಿ ತೆಗೆದೆ.

ಕೆಂಡದ ರಾಶಿಯ ತಳದಲ್ಲಿ ಹುಟ್ಟುವ ಇಂಗಾಲದ ಡೈಆಕ್ಸೈಡ್ ಮೇಲಿನ ಕಾದ ಇದ್ದಿಲನ್ನು ಹಾಯುವಾಗ ಇಂಗಾಲದ ಮಾನಾಕ್ಸೈಡ್ ಆಗುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹೀಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಮೀರಿ ಇದನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ತರಗತಿಯಲ್ಲಿ ಪಾಠ ಮಾಡಿದ್ದ ವಿಷಯವೇ ಇದು, ನಾಚಿಕೆಯ ಮಾತು.

ಇಂಗ್ಲೆಂಡಿನ ಕಾಲುವೆಗಳಲ್ಲಿ ದೋಣಿಯನ್ನೇ ಮನೆ ಮಾಡಿಕೊಂಡವರಿದ್ದಾರೆ. ಇಕ್ಕಟ್ಟಾದ ಕೋಣೆಯಲ್ಲಿ ಕಬ್ಬಿಣದ ಪುಟ್ಟ ಒಲೆ, ಚಾವಣಿ ದಾಟುವ ಹೊಗೆಕೊಳವೆ, ಗಾಳಿಗೆ ಸದಾ ತೆರೆದ ಕಿಂಡಿ. ಚಳಿಯೆಂದು ಆ ಕಿಂಡಿಗೆ ಬಟ್ಟೆ ತುರುಕಿದರೆ ಅಲ್ಲಿಯೂ ನನ್ನ ಕೋಣೆಯ ಕಥೆಯೇ. ಅಲ್ಲಿನ ದೋಣಿ ಸುರಕ್ಷತಾ ನಿಯಮಗಳಲ್ಲಿ 2019ರಿಂದ ಈ ಅನಿಲದ ಎಚ್ಚರಿಕೆ ಗಂಟೆಯೂ ಸೇರಿದೆ. ನಮ್ಮ ಮನೆಗಳಲ್ಲಿ ಅಂಥ ಗಂಟೆ ಎಲ್ಲಿಯದು? ಮಲಗುವ ಕೋಣೆಗೆ ಕೆಂಡ ತರಲೇಬಾರದು. ಬೆಂಕಿಯಿರುವ ಕೋಣೆಯಲ್ಲಿ ತಲೆನೋವು, ಓಕರಿಕೆ ಬಂದರೆ ಮೊದಲು ಎಲ್ಲರೂ ಹೊರಗಿನ ಗಾಳಿಗೆ ಬಂದು, ಬಳಿಕ ವೈದ್ಯರ ಬಳಿ ಹೋಗಬೇಕು.

ಮರುದಿನ ಅಜ್ಜಿ ಮರಾಠಿಯಲ್ಲಿ ಚೆನ್ನಾಗಿ ಬೈದು, ನನ್ನ ಬಟ್ಟೆಗಳನ್ನು ತಮ್ಮ ಒಲೆಯ ಮೇಲಿನ ಹಗ್ಗಕ್ಕೆ ಹರವಿದರು. ಆ ಮಳೆಗಾಲವೆಲ್ಲ ಹೊಗೆ ವಾಸನೆಯ ಅಂಗಿಯಲ್ಲೇ ಶಾಲೆಗೆ ಹೋದೆ.