ಅಪ್‌ಗ್ರೇಡ್ ಒತ್ತುವ ಮುನ್ನ
ನಮ್ಮನೇಲಿ ಅಜ್ಜಿಯದು ಅಂತ ಇರೋದು ಒಂದೇ ಫೋಟೊ, ಅದೂ ಬಿರುಕು ಬಿಟ್ಟಿದ್ದು. ವರ್ಷದ ತಿಥಿಗೆ ಫ್ರೇಮ್ ಹಾಕಿಸೋಣವೆಂದು ಸ್ಕ್ಯಾನ್ ಮಾಡಿ, ದಿನಾ ರಾತ್ರಿ ಕೂತು ಸರಿಮಾಡುತ್ತಿದ್ದೆ. ಅರ್ಧ ಕೆಲಸ ಆಗಿತ್ತು. ಅಷ್ಟರಲ್ಲಿ ಲ್ಯಾಪ್‌ಟಾಪ್‌ನ ಆಪರೇಟಿಂಗ್ ಸಿಸ್ಟಂ ಅಪ್‌ಗ್ರೇಡ್ ಮಾಡಿದೆ. ಬೆಳಿಗ್ಗೆ ನೋಡಿದರೆ ಎಡಿಟಿಂಗ್ ಸಾಫ್ಟ್‌ವೇರ್ ಓಪನ್ನೇ ಆಗಲಿಲ್ಲ. ಅದು ಹಳೇ 32 ಬಿಟ್‌ನದು; ಹೊಸ ಸಿಸ್ಟಂನಲ್ಲಿ 64 ಬಿಟ್‌ನದು ಮಾತ್ರ ನಡೆಯುತ್ತೆ.

“ಫೋಟೊ ಹೋಯ್ತೇನೋ?” ಅಮ್ಮನ ದನಿ ಸಣ್ಣಗಾಗಿತ್ತು.

ಹೋಗಿರಲಿಲ್ಲ. ಉಚಿತವಾಗಿ ಸಿಗುವ ಗಿಂಪ್ ಹಾಕಿಕೊಂಡು ಅದೇ ಪಿಎಸ್‌ಡಿ ಫೈಲ್ ತೆರೆದೆ. ಲೇಯರ್‌ಗಳೆಲ್ಲ ಹಾಗೇ ಇದ್ದವು.

ನೀವೂ ಅಪ್‌ಗ್ರೇಡ್‌ಗೆ ಮೊದಲು ನಿಮ್ಮ ಸಾಫ್ಟ್‌ವೇರ್ ಹೊಸದರಲ್ಲಿ ನಡೆಯುತ್ತಾ ನೋಡ್ಕೊಳ್ಳಿ. ಮುಖ್ಯವಾದ ಫೋಟೊಗಳದ್ದು ಟಿಫ್ ಪ್ರತಿಯೊಂದನ್ನು ಪೆನ್‌ಡ್ರೈವ್‌ನಲ್ಲಿಡಿ. ಸಾಫ್ಟ್‌ವೇರ್ ಬೇರೆ ಸಿಗುತ್ತೆ. ಅಜ್ಜಿ ಫೋಟೊ ಸಿಗಲ್ಲ.