ಹಣೆಗೇರಿದ ಕನ್ನಡಕ

ಆಷಾಢದಲ್ಲಿ ಒಂದು ಬೆಳಗ್ಗೆ ಬೆಳ್ತಂಗಡಿ ಕಡೆಯ ಯಾವುದಾದರೂ ಅಡಕೆ ತೋಟದ ಬದಿಯಲ್ಲಿ ನಿಂತು ನೋಡಿ. ಹುಲ್ಲು ಹೆರೆಯುವ ಮಿಷಿನು ಹೆಗಲಿಗೇರಿಸಿಕೊಂಡವನ ಹತ್ತಿರ ಕನ್ನಡಕ ಇಲ್ಲವೆಂದಲ್ಲ. ಇದೆ, ಹಣೆಯ ಮೇಲಿದೆ. ಯಾಕೆ ಮಾರಾಯ ಎಂದು ಕೇಳಿದರೆ ಉತ್ತರವೂ ಸಿದ್ಧ: "ಹಾಕಿದ್ರೆ ಎರಡೇ ನಿಮಿಷಕ್ಕೆ ಹಬೆ ಕಟ್ತದೆ. ಮತ್ತೆ ಎಂತ ಕಾಣುದು?"

ಅವನ ದೂರು ಸುಳ್ಳಲ್ಲ. ಸುಳ್ಳಿರುವುದು ಅದರ ಬೆನ್ನಿಗೆ ಬರುವ ಮಾತುಗಳಲ್ಲಿ.

ಮೊದಲನೆಯದು, "ಅಗ್ಗದ ಮಾಲು, ಅದಕ್ಕೇ ಹಬೆ ಕಟ್ಟುತ್ತದೆ." ಗಂಜಿ ಪಾತ್ರೆಯ ಮುಚ್ಚಳ ತೆಗೆದು ನೋಡಿ, ಒಳಮೈಯಲ್ಲಿ ನೀರ ಹನಿ. ಮುಚ್ಚಳ ಹಿತ್ತಾಳೆಯದೋ ಸ್ಟೀಲಿನದೋ, ಹನಿ ಕೂರುವುದು ತಪ್ಪುವುದಿಲ್ಲ. ಕನ್ನಡಕದಲ್ಲೂ ಅಷ್ಟೇ. ಬೆವರಿದ ಮುಖ ಮತ್ತು ಉಸಿರಿನ ಬಿಸಿ ಗಾಳಿ ತೇವ ಹೊತ್ತುಕೊಂಡು ಗಾಜಿನ ಹಿಂದೆ ಸೇರುತ್ತದೆ. ಹೊರಗಿನಿಂದ ಮಳೆ ಗಾಜನ್ನು ತಣ್ಣಗೆ ಮಾಡಿರುತ್ತದೆ. ತೇವದ ಗಾಳಿಗೆ ತಣ್ಣನೆಯ ಮೈ ಸಿಕ್ಕಿದರೆ ಸಾಕು, ಹನಿ ಕಟ್ಟುತ್ತದೆ. ವರ್ಷಕ್ಕೆ ಹತ್ತಿರಹತ್ತಿರ 4000 ಮಿ.ಮೀ. ಮಳೆ ಸುರಿಯುವ ಈ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಜುಲೈ ತಿಂಗಳ ಗಾಳಿಗೆ ಇನ್ನಷ್ಟು ನೀರು ಹೀರುವ ಜಾಗವೇ ಇರುವುದಿಲ್ಲ. ಹಾಗಾಗಿ ಸಾವಿರಾರು ರೂಪಾಯಿಯ ಕನ್ನಡಕವೂ ಇಲ್ಲಿ ಒಮ್ಮೆ ಸೋಲುತ್ತದೆ. ಉಜಿರೆ ದಾಟಿ ಚಾರ್ಮಾಡಿ ಘಾಟಿ ಹತ್ತುವ ಬೈಕಿನವರು ಹೆಲ್ಮೆಟ್ಟಿನ ಗಾಜನ್ನು ಹೊರಗಿನಿಂದ ಒರೆಸಿ ಒರೆಸಿ ಸುಸ್ತಾಗುವುದು ನೋಡಿದ್ದೇನೆ. ಘಾಟಿಯ ಮಂಜು ಹೊರಗಿರುವುದು ನಿಜ, ಆದರೆ ಅವರನ್ನು ಕಾಡುವ ಮಂಜಿನಲ್ಲಿ ಅರ್ಧ ಅವರದೇ ಉಸಿರು. ಗಾಜನ್ನು ಒಂದು ಬೆರಳಿನಷ್ಟು ಎತ್ತಿ ಗಾಳಿ ಬಿಟ್ಟರೆ ಅದು ತಾನಾಗಿ ಹೋಗುತ್ತದೆ.

ಎರಡನೆಯದು ಡಬ್ಬದ ಮೇಲಿನ ‘ಆಂಟಿ ಫಾಗ್’ ಎಂಬ ಮಾತಿನ ಮೇಲಿನ ಭಕ್ತಿ. ಆ ಲೇಪ ನೀರನ್ನು ತಡೆಯುವುದಿಲ್ಲ, ಹರಡುತ್ತದೆ. ಸಣ್ಣ ಹನಿಗಳಾಗಿ ನಿಂತರೆ ಬೆಳಕು ಚದುರಿ ಮಸುಕು ಕಾಣುತ್ತದೆ; ತೆಳು ಪದರವಾಗಿ ಹರಡಿದರೆ ಬೆಳಕು ನೇರ ದಾಟುತ್ತದೆ. ಅಷ್ಟೇ ಅದರ ಕಸುಬು. ಯುರೋಪಿನ ಇಎನ್ 166 ಮಾನದಂಡದಲ್ಲಿ ಹಬೆ ತಡೆಗೆ ‘ಎನ್’ ಎಂಬ ಗುರುತು ಸಿಗಬೇಕಾದರೆ ಬಿಸಿನೀರಿನ ಆವಿಯ ಮೇಲೆ ಗಾಜು ಕನಿಷ್ಠ 8 ಸೆಕೆಂಡು ತಿಳಿಯಾಗಿದ್ದರೆ ಸಾಕು. 8 ಸೆಕೆಂಡು! ನಮ್ಮ ತೋಟದ ಕೆಲಸ ನಾಲ್ಕು ಗಂಟೆಯದು. ಗುರುತು ಇರುವುದೇ ವಾಸಿ, ಇಲ್ಲವೆನ್ನುವುದಿಲ್ಲ. ಆದರೆ ಬೈರಾಸಿನಲ್ಲಿ ನಾಲ್ಕು ಸಲ ತಿಕ್ಕಿದರೆ ಲೇಪವೇ ಎದ್ದು ಬರುತ್ತದೆ. ಪಾತ್ರೆ ತೊಳೆಯುವ ಸೋಪಿನ ಒಂದು ಹನಿಯನ್ನು ಒಳಮೈಗೆ ತೆಳುವಾಗಿ ಸವರಿ, ಒಣಗಿಸಿ, ಮೆತ್ತನೆ ಬಟ್ಟೆಯಿಂದ ಹಗುರಾಗಿ ಒರೆಸಿದರೂ ಅದೇ ಕೆಲಸ ಸ್ವಲ್ಪ ಹೊತ್ತು ನಡೆಯುತ್ತದೆ. ಹೆಚ್ಚಾಯಿತೋ, ಬೆವರಿನೊಂದಿಗೆ ಕಣ್ಣಿಗಿಳಿದು ಉರಿಯುತ್ತದೆ. ಟೂತ್‌ಪೇಸ್ಟ್ ಬೇಡ, ಗೀರು ಬೀಳುತ್ತದೆ. ಮಿಷಿನಿಗೆ ತಂದ ಪೆಟ್ರೋಲಿನಲ್ಲಿ ಒರೆಸುವ ಅಭ್ಯಾಸವಂತೂ ಬೇಡವೇ ಬೇಡ. ಪಾಲಿಕಾರ್ಬೊನೇಟ್ ಗಾಜು ಅದರಿಂದ ಕಣ್ಣಿಗೆ ಕಾಣದಷ್ಟು ಬಿರುಕು ಬಿಟ್ಟು, ಕಲ್ಲು ಬಡಿದಾಗ ಒಡೆಯುತ್ತದೆ.

ಇನ್ನು ಜಾಲರಿ. "ತಂತಿಯ ಬಲೆ ಇರುವುದು ತೆಗೆದುಕೊಂಡರೆ ಹಬೆಯ ರಗಳೆಯೇ ಇಲ್ಲ" ಎನ್ನುವವರಿದ್ದಾರೆ. ರಗಳೆ ಇಲ್ಲ, ನಿಜ. ಆಟಿಕೆ ಬಂದೂಕಿನಿಂದ ಪ್ಲಾಸ್ಟಿಕ್ ಗುಂಡು ಹೊಡೆದುಕೊಳ್ಳುವ ಏರ್‌ಸಾಫ್ಟ್ ಎಂಬ ಆಟದವರಿಗೂ ಇದೇ ಗೋಳು, ಅವರಲ್ಲಿ ಕೆಲವರೂ ಜಾಲರಿ ಹಿಡಿದವರೇ. ಅವರ ಗುಂಡು 6 ಮಿ.ಮೀ. ಗಾತ್ರದ್ದು, ತೂಕ ಸಾಮಾನ್ಯವಾಗಿ 0.2 ಗ್ರಾಂ. ನಮ್ಮ ಲೆಕ್ಕ ನೋಡಿ. ಮಿಷಿನಿನ ನೈಲಾನ್ ದಾರ 40 ಸೆಂ.ಮೀ. ಅಗಲದ ವೃತ್ತದಲ್ಲಿ ನಿಮಿಷಕ್ಕೆ 6000 ಸುತ್ತು ತಿರುಗಿದರೆ ಅದರ ತುದಿಯ ವೇಗ ಸೆಕೆಂಡಿಗೆ ಸುಮಾರು 125 ಮೀಟರ್, ಅಂದರೆ ಗಂಟೆಗೆ 450 ಕಿ.ಮೀ. ಅದು ಬಡಿದು ಹಾರಿಸುವುದು ಪ್ಲಾಸ್ಟಿಕ್ಕಲ್ಲ, ಮುರಕಲ್ಲಿನ ಚೂರು. ದೊಡ್ಡ ಚೂರನ್ನು ಜಾಲರಿ ತಡೆಯುತ್ತದೆ. ಮರಳು, ಮುಳ್ಳಿನ ತುದಿ, ಹುಲ್ಲಿನ ರಸ ಮಾತ್ರ ತೂತಿನಿಂದ ಸಲೀಸಾಗಿ ಒಳಬರುತ್ತವೆ. ಹುಲ್ಲುಕಡ್ಡಿ ಗೀರಿದ ಕಣ್ಣಿಗೆ ಶಿಲೀಂಧ್ರ ತಗುಲಿ ಹುಣ್ಣಾಗುವುದು ದಕ್ಷಿಣ ಭಾರತದ ಕೃಷಿಕರಲ್ಲಿ ಹೊಸತಲ್ಲ. ಅದಕ್ಕೆ ಅಂಗಡಿಯಿಂದ ಸ್ಟಿರಾಯ್ಡ್ ಹನಿ ತಂದು ಬಿಟ್ಟುಕೊಂಡರೆ ಹುಣ್ಣು ಇನ್ನೂ ಆಳಕ್ಕಿಳಿಯುತ್ತದೆ. ಹಾಗಾಗಿ ಜಾಲರಿಯ ಮುಖಗವಸು ಮೇಲಿರಲಿ, ಅದರ ಒಳಗೆ ಬದಿ ಮುಚ್ಚಿದ ಪಾಲಿಕಾರ್ಬೊನೇಟ್ ಕನ್ನಡಕವೂ ಇರಲಿ. ಗವಸು ಪೆಟ್ಟು ತಿನ್ನುತ್ತದೆ. ಕನ್ನಡಕಕ್ಕೆ ಗಾಳಿಯೂ ಆಡುತ್ತದೆ, ಹಬೆಯೂ ಕಡಿಮೆ.

"ನನಗೆ ಹೇಗೂ ಪವರಿನ ಕನ್ನಡಕ ಉಂಟಲ್ಲ" ಎನ್ನುವವರಿಗೆ: ಅದು ಓದಲಿಕ್ಕೆ. ಬದಿ ತೆರೆದಿದೆ, ಪೆಟ್ಟು ಬಿದ್ದರೆ ಒಡೆಯಲೂಬಹುದು. ಕಪ್ಪು ಕನ್ನಡಕ ಬಿಸಿಲಿಗೆ ಮಾತ್ರ.

ಮದ್ದು ಬಿಡುವಾಗ ಲೆಕ್ಕ ಪೂರ್ತಿ ತಿರುಗುತ್ತದೆ. ಹುಲ್ಲಿಗೆ ಒಳ್ಳೆಯದಾದ ಗಾಳಿತೂತು ಇಲ್ಲಿ ಶತ್ರು. ಅಡಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಬಿಡುವುದನ್ನು ಮೈಸೂರು ಸಂಸ್ಥಾನದಲ್ಲಿ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ರೂಢಿಗೆ ತಂದು ನೂರು ವರ್ಷ ದಾಟಿತು. ಮದ್ದು ಇವತ್ತಿಗೂ ಅದೇ: 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಬದಲಾದದ್ದು ಬಿಡುವವನ ಭಂಗಿ. ಮರ ಏರಿದವನು ಗೊನೆಯ ಮಟ್ಟದಲ್ಲಿದ್ದು ಬಿಡುತ್ತಿದ್ದ. ಈಗ ಕಾರ್ಬನ್ ಫೈಬರ್ ದೋಟಿ ಬಂದ ಮೇಲೆ ನೆಲದಲ್ಲೇ ನಿಂತು ಕತ್ತೆತ್ತಿ ಬಿಡುತ್ತಾರೆ. ಬೀಳುವ ಅಪಾಯ ತಪ್ಪಿತು, ಒಳ್ಳೆಯದೇ. ಆದರೆ ಗೊನೆಯಿಂದ ಇಳಿಯುವ ಪ್ರತಿ ಹನಿಯೂ ಈಗ ತೆರೆದ ಕಣ್ಣಿಗೆ. ನೇರ ತೂತಿನ ಗಾಗಲ್ ಇಲ್ಲಿ ಕೊಡೆಗೆ ತೂತು ಮಾಡಿಕೊಂಡ ಹಾಗೆ. ಮುಚ್ಚಳವಿರುವ, ಗಾಳಿ ಬಳಸಿಕೊಂಡು ಒಳಬರುವ ತೂತಿನದ್ದೇ ಬೇಕು. ಅದು ಸ್ವಲ್ಪ ಹಬೆ ಕಟ್ಟುತ್ತದೆ, ಕಟ್ಟಲಿ. ಎರಡು ಪದರದ ಗಾಜು ಸಿಕ್ಕಿದರೆ ಇನ್ನೂ ಅನುಕೂಲ: ನಡುವಿನ ಗಾಳಿಯಿಂದ ಒಳಗಾಜು ಅಷ್ಟು ತಣ್ಣಗಾಗುವುದಿಲ್ಲ. ಪದರಗಳ ನಡುವೆ ನೀರು ಹೊಕ್ಕರೆ ಮಾತ್ರ ಒರೆಸುವ ದಾರಿಯಿಲ್ಲ, ಆದ್ದರಿಂದ ಬಕೆಟ್ಟಿನಲ್ಲಿ ಮುಳುಗಿಸಿ ತೊಳೆಯಬೇಡಿ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಕೆಟ್ಟ ನಂಬಿಕೆ ಇದು: "ಸುಣ್ಣ ಎಂತ ಮಾಡ್ತದೆ? ನಾವು ದಿನಾ ವೀಳ್ಯದೊಟ್ಟಿಗೆ ತಿನ್ನುದೇ ಅಲ್ವಾ!" ಎಲೆಗೆ ಸವರುವುದು ಉಗುರಿನಷ್ಟು. ಡ್ರಮ್ಮಿನ ಪಕ್ಕ ಸುಟ್ಟ ಸುಣ್ಣಕ್ಕೆ ನೀರು ಹೊಯ್ದಾಗ ಅದು ಕೊತಕೊತ ಕುದಿದು ಸಿಡಿಯುತ್ತದೆ. ಸುಣ್ಣ ಕ್ಷಾರ. ಆಮ್ಲಕ್ಕಿಂತಲೂ ಕ್ಷಾರ ಕಣ್ಣಿನಲ್ಲಿ ಆಳಕ್ಕೆ ಇಳಿಯುತ್ತದೆ, ಸುಡುತ್ತಲೇ ಹೋಗುತ್ತದೆ. ಸರಿಯಾಗಿ ಬೆರೆಸಿದ ಬೋರ್ಡೋ ಅಷ್ಟು ಉಗ್ರವಲ್ಲ, ಉಗ್ರವಾದದ್ದು ಬೆರೆಸುವ ಮೊದಲಿನ ಅರ್ಧ ಗಂಟೆ. ಆ ಹೊತ್ತಿಗೆ ಗಾಗಲ್ ಮಾತ್ರ ಇನ್ನೂ ಪ್ಲಾಸ್ಟಿಕ್ ಚೀಲದಲ್ಲೇ ಇರುತ್ತದೆ! ಸಿಡಿದರೆ ಎಣ್ಣೆಯೂ ಬೇಡ, ಜೇನೂ ಬೇಡ, ಊದುವುದೂ ಬೇಡ. ರೆಪ್ಪೆ ಎತ್ತಿ ಹಿಡಿದು 15–20 ನಿಮಿಷ ಸತತವಾಗಿ ಶುದ್ಧ ನೀರು ಹರಿಸಿ, ಅಂಟಿದ ಹರಳು ತೊಳೆದು ಹೋಗಲಿ. ಅಲ್ಲಿಂದ ನೇರ ಕಣ್ಣಿನ ಡಾಕ್ಟರ ಹತ್ತಿರ.

ಬಿ.ಸಿ. ರೋಡಿನಲ್ಲೋ ಮೂಡುಬಿದಿರೆಯಲ್ಲೋ ಅಂಗಡಿಗೆ ಹೋದಾಗ ಡಬ್ಬ ನೋಡಬೇಡಿ, ಗಾಜಿನ ಅಂಚು ಮತ್ತು ಕಾಲಿನ ಮೇಲೆ ಕೊರೆದದ್ದು ಓದಿ. ಭಾರತದ ಮಾನದಂಡ ಐಎಸ್ 5983. ಇಎನ್ 166 ಇದ್ದರೆ ‘ಎಫ್’ ಎಂಬುದು ಸೆಕೆಂಡಿಗೆ 45 ಮೀಟರ್ ವೇಗದಲ್ಲಿ ಬಂದ ಸಣ್ಣ ಉಕ್ಕಿನ ಗುಂಡನ್ನು ತಡೆದದ್ದು, ‘ಬಿ’ ಎಂಬುದು 120 ಮೀಟರಿನದ್ದನ್ನು. ಚೌಕಟ್ಟಿನ ಮೇಲೆ ‘3’ ಎಂದಿದ್ದರೆ ಹನಿ ತಡೆಯುತ್ತದೆ ಎಂದರ್ಥ, ಮದ್ದಿಗೆ ಅದೇ. ‘ಕೆ’ ಗೀರಿಗೆ.

ಹಾಕಿಕೊಳ್ಳುವ ಬಗೆಯೂ ಉಂಟು. ಮೂಗಿನ ಮೇಲೆ ಬೈರಾಸು ಸುತ್ತಿದರೆ ಉಸಿರೆಲ್ಲ ಮೇಲಕ್ಕೆ, ನೇರ ಗಾಜಿಗೆ. ಸುತ್ತಲೇಬೇಕಿದ್ದರೆ ಮೂಗಿನ ಏಣಿಗೆ ಬಟ್ಟೆ ಒತ್ತಿ ಕೂರಲಿ. ಹಣೆಗೆ ಒಂದು ಪಟ್ಟಿ ಕಟ್ಟಿ ಬೆವರು ತಡೆಯಿರಿ. ಎಣ್ಣೆ ತುಂಬಿಸಲು ನಿಂತಾಗ ಕನ್ನಡಕವನ್ನು ಹಣೆಗೇರಿಸುವುದೇ ದೊಡ್ಡ ತಪ್ಪು: ಮೈಯಲ್ಲಿ ಅತಿ ಹೆಚ್ಚು ಬೆವರುವ ಜಾಗಗಳಲ್ಲಿ ಅದೂ ಒಂದು. ಒಳಮೈ ಅಲ್ಲೇ ಒದ್ದೆಯಾಗಿ, ಮತ್ತೆ ಕಣ್ಣಿಗಿಳಿಸಿದಾಗ ಎರಡು ನಿಮಿಷವೂ ಉಳಿಯುವುದಿಲ್ಲ. ಕುತ್ತಿಗೆಗೆ ದಾರ ಕಟ್ಟಿ ಎದೆಯ ಮೇಲೆ ನೇತಾಡಿಸಿಕೊಂಡರೆ ಗಾಳಿಗೆ ಒಣಗುತ್ತಾ ಇರುತ್ತದೆ.